ದಂಡ-ಬಸ್ಕಿಯೂ ಬೇಕು, ಭಾರವೂ ಬೇಕು

ದೇಹವನ್ನು ಪಳಗಿಸುವ ಮಾರ್ಗಗಳು ಮುಖ್ಯವಾಗಿ ಎರಡು. ಮೈಭಾರವನ್ನೇ ಹತ್ತಾರು, ನೂರಾರು ಸಲ ಎತ್ತಿ ಇಳಿಸುವ ದಂಡ, ಬಸ್ಕಿಗಳದು ಒಂದು. ಕಲ್ಲು, ಕಬ್ಬಿಣಗಳಂತಹ ತೂಕವನ್ನು ಕೆಲವೇ ಸಲ ಎತ್ತುವುದು ಇನ್ನೊಂದು. ಇಂದಿನ ತರುಣರಲ್ಲಿ ಅನೇಕರು ಜಿಮ್ಮಿನ ಕಬ್ಬಿಣವನ್ನೇ ಸರ್ವಸ್ವವೆಂದು ನಂಬುತ್ತಾರೆ. ಹಿರಿಯರಲ್ಲಿ ಹಲವರು ಬಸ್ಕಿಯ ಲೆಕ್ಕವೊಂದೇ ಸಾಕೆನ್ನುತ್ತಾರೆ. ಇವೆರಡೂ ಅರ್ಧಸತ್ಯಗಳೆಂದು ನಾವು ಭಾವಿಸುತ್ತೇವೆ.

ನಮ್ಮ ನಾಡಿನ ಗರಡಿಮನೆಗಳು ಇವೆರಡನ್ನೂ ಕೂಡಿಸಿಯೇ ಕಲಿಸಿದವು. ಕೆಮ್ಮಣ್ಣಿನ ಕಣದಲ್ಲಿ ಪೈಲ್ವಾನನು ದಂಡ, ಬಸ್ಕಿಗಳನ್ನು ಹೊಡೆಯುತ್ತಿದ್ದನು. ಗದೆ ತಿರುಗಿಸಿ, ಗುಂಡುಕಲ್ಲನ್ನೂ ಎತ್ತುತ್ತಿದ್ದನು. ವಿಜಯಪುರ, ಬಾಗಲಕೋಟೆ ಸೀಮೆಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯಗಳು ಇಂದಿಗೂ ನಡೆಯುತ್ತವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಆಹಾರ, ಅಭ್ಯಾಸಗಳ ವಿವರಣೆಯಿದೆ. ದಿನಕ್ಕೆ ಸಾವಿರಾರು ಬಸ್ಕಿ ಹೊಡೆಯುತ್ತಿದ್ದನೆಂದು ಪ್ರಸಿದ್ಧನಾದ ಗಾಮಾ ಪೈಲ್ವಾನನು 1902ರಲ್ಲಿ ಎತ್ತಿದನೆನ್ನಲಾದ ಭಾರಿ ಕಲ್ಲನ್ನು ಬಡೋದೆಯ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ.

ಈ ಜೋಡಣೆಗೆ ಶರೀರಶಾಸ್ತ್ರದ ಆಧಾರವೂ ಉಂಟು. ಒಂದೇ ಚಲನೆಯನ್ನು ಬಹಳ ಸಲ ಮಾಡಿದಾಗ ದಮ್ಮು ಬೆಳೆಯುತ್ತದೆ, ಸ್ನಾಯುಗಳಿಗೆ ತಾಳಿಕೆ ಬರುತ್ತದೆ. ಆದರೆ 30 ಬಸ್ಕಿಗಳು ಸಲೀಸಾದ ಮೇಲೆ ಅವನ್ನು 60ಕ್ಕೆ ಏರಿಸಿದರೆ ತಾಳಿಕೆ ಹೆಚ್ಚುವುದೇ ಹೊರತು ಬಲವು ಅಷ್ಟಾಗಿ ಹೆಚ್ಚದು. ಬಲಕ್ಕೆ ಕ್ರಮವಾಗಿ ಭಾರವನ್ನೇ ಹೆಚ್ಚಿಸಬೇಕು. ನಮ್ಮಂತೆ ಅರವತ್ತು ದಾಟಿದವರಿಗೆ ಇದು ಪೈಲ್ವಾನಿಕೆಯ ಮಾತಲ್ಲ. ವಯಸ್ಸಾದಂತೆ ಸ್ನಾಯುಗಳು ಕರಗುತ್ತವೆ. ನೆಲದಿಂದ ಏಳಲು ಪರರ ಕೈ ಬೇಕಾಗುತ್ತದೆ. ಒಮ್ಮೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ ಹಾಸಿಗೆಯೇ ಗತಿಯಾಗಬಹುದು. ಆದುದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ಜೊತೆಗೆ ಕನಿಷ್ಠ 2 ದಿನ ಸ್ನಾಯುಬಲದ ವ್ಯಾಯಾಮವನ್ನೂ ಹೇಳಿದೆ.

ಮನೆಯಲ್ಲಿ ಇದನ್ನು ಆಚರಿಸುವುದು ಕಷ್ಟವಲ್ಲ. ಸೋಮವಾರ, ಗುರುವಾರಗಳನ್ನು ಭಾರಕ್ಕೆ ಮೀಸಲಿಡಬೇಕು. 5 ಕಿಲೋ ಜೋಳ ತುಂಬಿದ ಚೀಲವನ್ನು ಎದೆಗವಚಿಕೊಂಡು 8 ಸಲ ಕುಳಿತೇಳುವುದು, ವಿಶ್ರಮಿಸಿ ಮತ್ತೆರಡು ಆವೃತ್ತಿ ಮಾಡುವುದು. ಅದು ಹಗುರವೆನಿಸಿದಾಗ ಕಾಳನ್ನು ಸ್ವಲ್ಪ ಹೆಚ್ಚಿಸುವುದು. ಆ ದಿನ ದಂಡ, ಬಸ್ಕಿ ಮಾಡುವುದಿದ್ದರೆ ಭಾರವಾದ ನಂತರವೇ ಮಾಡಬೇಕು. ದಣಿದ ಕಾಲುಗಳು ಭಾರವನ್ನು ಸರಿಯಾಗಿ ಹೊರಲಾರವು. ಉಳಿದ ಎರಡು ಮೂರು ದಿನ ಹತ್ತು ಹತ್ತರಂತೆ ಮೂರು ನಾಲ್ಕು ಆವೃತ್ತಿ ಬಸ್ಕಿ, ಶಕ್ತ್ಯಾನುಸಾರ ದಂಡ. ಭಾನುವಾರ ವಿಶ್ರಾಂತಿ. ತಾಯಂದಿರಿಗೂ ಇದೇ ಕ್ರಮ ಸಲ್ಲುತ್ತದೆ. ಮೊಣಕಾಲು ನೋವಿರುವವರು ಕುರ್ಚಿಯಿಂದ ಕುಳಿತೇಳುವುದನ್ನು ಮಾಡಲಿ; ಹೃದ್ರೋಗ, ರಕ್ತದೊತ್ತಡವುಳ್ಳವರು ವೈದ್ಯರನ್ನು ಕೇಳಿಯೇ ಆರಂಭಿಸಲಿ. ಭಾರವೆತ್ತುವಾಗ ಯಾರೂ ಉಸಿರು ಬಿಗಿಹಿಡಿಯಬಾರದು.

ತರುಣರಿಗೆ ಒಂದು ಎಚ್ಚರಿಕೆಯ ಮಾತು. ಅಭ್ಯಾಸವಿಲ್ಲದವರು ಪಂತಕ್ಕೆ ಬಿದ್ದು ಒಂದೇ ದಿನ ನೂರಾರು ಬಸ್ಕಿ ಹೊಡೆದರೆ ಸ್ನಾಯುಗಳು ಒಡೆದು, ಅವುಗಳ ದ್ರವ್ಯವು ರಕ್ತಕ್ಕೆ ಸೇರಿ ಮೂತ್ರಪಿಂಡಗಳಿಗೆ ಹಾನಿಯಾಗಬಹುದು. ತೀವ್ರ ನೋವಿನೊಡನೆ ಮೂತ್ರವು ಚಹಾದ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಶಿಕ್ಷೆಯೆಂದು ಮಕ್ಕಳಿಂದ ಬಸ್ಕಿ ಹೊಡೆಸುವವರೂ ಇದನ್ನು ನೆನಪಿಡಲಿ.

ಗರಡಿಯ ಉಸ್ತಾದರು ಹೊಸ ಶಿಷ್ಯನಿಗೆ ಮೊದಲ ದಿನವೇ ದೊಡ್ಡ ಕಲ್ಲನ್ನು ತೋರಿಸುತ್ತಿರಲಿಲ್ಲ. ಸ್ವಲ್ಪ ಸ್ವಲ್ಪವಾಗಿ, ಬಿಡದೆ ಮಾಡುವುದೇ ಇದರ ಮರ್ಮ. ಓದುಗ ಬಂಧುಗಳು ಮನೆಮಂದಿಯೊಡನೆ ಈ ಕ್ರಮವನ್ನು ಇಂದೇ ಆರಂಭಿಸಲೆಂದು ಹಾರೈಸುತ್ತೇವೆ.