ಲಾವಾ ಕಡಲಿನ ನಡುಗಡ್ಡೆಗೆ ಸೈಕಲ್ ದಾರಿ

ಕಾಡು, ಜ್ವಾಲಾಮುಖಿಯ ಕಲ್ಲು, ವಾಹನಗಳ ಗದ್ದಲವಿಲ್ಲದ ದಾರಿ. ಈ ಮೂರೂ ಒಂದೇ ಕಡೆ ಸಿಗುವ ಜಾಗ ಯಾವುದು ಎಂದು ಸೈಕಲ್ ಪ್ರವಾಸದ ಹುಚ್ಚು ಹಿಡಿದವರನ್ನು ಕೇಳಿದರೆ ದೂರದ ಯಾವುದಾದರೂ ದ್ವೀಪದ ಹೆಸರು ಹೇಳುತ್ತಾರೆ. ದಕ್ಷಿಣ ಕೊರಿಯಾದ ಜೇಜು ಅಂಥದೊಂದು ದ್ವೀಪ. ನಡುವೆ ಹಾಲಾಸಾನ್ ಎಂಬ ಜ್ವಾಲಾಮುಖಿ ಪರ್ವತ, ಅದರ ಲಾವಾದ ಮೇಲೆ ಬೆಳೆದ ಕಾಡು, ಸುತ್ತಲೂ ಕಡಲು. ಈ ದ್ವೀಪವನ್ನು ಒಂದು ಸುತ್ತು ಹಾಕುವ 234 ಕಿಲೋಮೀಟರ್ ಉದ್ದದ ಸೈಕಲ್ ದಾರಿ 2015ರಲ್ಲಿ ಪೂರ್ಣಗೊಂಡಿತು. ಕರ್ನಾಟಕಕ್ಕೂ ಜ್ವಾಲಾಮುಖಿಯ ದ್ವೀಪಗಳು ಇಲ್ಲದಿಲ್ಲ. ಮಲ್ಪೆಯ ಆಚೆಗಿನ ಸೇಂಟ್ ಮೇರಿಸ್ ದ್ವೀಪಗಳ ಕಲ್ಲುಕಂಬಗಳು ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ ಲಾವಾದಿಂದ ಆದವು. ಆದರೆ ಅಲ್ಲಿ ಸೈಕಲ್ ಏರಿ ಹೋಗುವಷ್ಟು ನೆಲವೇ ಇಲ್ಲ.

ಈ ಮೂರನ್ನೂ ಹುಡುಕಿ ಅಷ್ಟು ದೂರ ಹೋಗಬೇಕಿಲ್ಲ. ಕಡಲು ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಕಲಬುರಗಿ ನಗರದಿಂದ ನೂರು ಕಿಲೋಮೀಟರಿನೊಳಗೆ, ಕಮಲಾಪುರದ ಆಚೆ ಚಿಂಚೋಳಿ ತಾಲ್ಲೂಕಿನಲ್ಲಿದೆ. ಕಡಲೂ ಒಂದು ಕಾಲಕ್ಕೆ ಇತ್ತು ಎನ್ನಬಹುದು. ಅದು ನೀರಿನದಲ್ಲ, ಬೆಂಕಿಯದು.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪಶ್ಚಿಮ ಮತ್ತು ಮಧ್ಯ ಭಾರತದ ನೆಲ ಉದ್ದುದ್ದಕ್ಕೆ ಬಿರಿದು ಲಾವಾ ಉಕ್ಕಿತು. ಚಿತ್ರಗಳಲ್ಲಿ ಕಾಣುವಂತೆ ಬೆಟ್ಟದ ತುದಿಯಿಂದ ಚಿಮ್ಮಿದ ಜ್ವಾಲಾಮುಖಿ ಇದಲ್ಲ. ಹೊಲದ ಬದು ಒಡೆದು ನೀರು ಹರಡುವಂತೆ ಬಿರುಕುಗಳಿಂದ ಲಾವಾ ಪದರ ಪದರವಾಗಿ ಹರಡಿತು. ಒಂದು ಪದರ ಆರಿ ಕಲ್ಲಾದ ಮೇಲೆ ಮತ್ತೊಂದು. ಹೀಗೆ ಆದದ್ದೇ ದಖನ್ನಿನ ಕಪ್ಪು ಕಲ್ಲಿನ ಪ್ರಸ್ಥಭೂಮಿ. ಇಂದಿಗೂ ಅದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಮುಚ್ಚಿಕೊಂಡಿದೆ. ಪಶ್ಚಿಮ ಘಟ್ಟದ ಕಡೆ ಇದರ ದಪ್ಪ ಎರಡು ಕಿಲೋಮೀಟರಿಗೂ ಮಿಗಿಲು. ಆಗ್ನೇಯಕ್ಕೆ ಬಂದಂತೆಲ್ಲ ತೆಳ್ಳಗಾಗುತ್ತದೆ. ಕಲಬುರಗಿ ಜಿಲ್ಲೆ ಇರುವುದು ಆ ತೆಳು ಅಂಚಿನಲ್ಲಿ.

ಭೂವಿಜ್ಞಾನಿಗಳು ಈ ಕಲ್ಲಿನ ನಾಡನ್ನು ‘ಡೆಕ್ಕನ್ ಟ್ರ್ಯಾಪ್’ ಎನ್ನುತ್ತಾರೆ. ಟ್ರ್ಯಾಪ್ ಎಂದರೆ ಇಲ್ಲಿ ಬೋನಲ್ಲ. ಮೆಟ್ಟಿಲು ಎಂಬರ್ಥದ ಸ್ವೀಡನ್ನಿನ ಮಾತಿನಿಂದ ಬಂದ ಪದ. ಗಟ್ಟಿ ಪದರ ಸವೆಯದೆ ನಿಂತು, ಮೆತ್ತನೆಯ ಪದರ ಸವೆದು ಹೋದಾಗ ನೆಲ ಮೆಟ್ಟಿಲು ಮೆಟ್ಟಿಲಾಗುತ್ತದೆ. ಬಸ್ಸಿನಲ್ಲಿ ಕುಳಿತವರಿಗೆ ಇದು ಗೊತ್ತಾಗುವುದಿಲ್ಲ. ಸೈಕಲ್ ತುಳಿಯುವವರಿಗೆ ಮಾತ್ರ ಮೀನಖಂಡವೇ ಹೇಳಿಬಿಡುತ್ತದೆ. ಮೈಲುಗಟ್ಟಲೆ ಸಪಾಟು, ಆಮೇಲೆ ಇದ್ದಕ್ಕಿದ್ದಂತೆ ಒಂದು ಏರು, ಮತ್ತೆ ಸಪಾಟು. ಮಲೆನಾಡಿನ ಘಾಟಿಯಂತೆ ಸುತ್ತಿ ಸುತ್ತಿ ಏರುವ ದಾರಿ ಇಲ್ಲಿನದಲ್ಲ. ಗೇರಿಲ್ಲದ ಸಾದಾ ಸೈಕಲ್ಲಿನವರು ಆ ಒಂದು ಏರಿನಲ್ಲಿ ಇಳಿದು ತಳ್ಳಿಕೊಂಡು ಹೋದರೆ ಸಾಕು, ಮುಂದಿನ ಹತ್ತು ಕಿಲೋಮೀಟರ್ ನಿರಾಳ.

ಕಲಬುರಗಿಯಿಂದ ಕಮಲಾಪುರಕ್ಕೆ 40 ಕಿಲೋಮೀಟರಿಗೂ ಕಡಿಮೆ ದೂರ. ದಾರಿ ಮಹಾಗಾಂವ್ ಕ್ರಾಸ್ ಮೇಲೆ ಹುಮನಾಬಾದ್, ಬೀದರ್ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 50. ಲಾರಿಗಳ ಈ ದಾರಿಯನ್ನು ನೆಮ್ಮದಿಯ ದಾರಿ ಎನ್ನಲಾಗದು. ಆದರೂ ನಸುಕಿನಲ್ಲಿ ಹೊರಟವರಿಗೆ ಬಿಸಿಲು ಏರುವ ಮೊದಲೇ ಹೊಳಕುಂದಾದ ಬಹಮನಿ ಕಾಲದ ಗುಮ್ಮಟಗಳು ಕಾಣುತ್ತವೆ. ಗುಲ್ಬರ್ಗದಿಂದ ಬೀದರಿಗೆ ಬಹಮನಿ ಸುಲ್ತಾನರು ರಾಜಧಾನಿಯನ್ನು ಸಾಗಿಸಿದ್ದು ಹದಿನೈದನೆಯ ಶತಮಾನದಲ್ಲಿ. ಆ ಎರಡು ಊರುಗಳ ನಡುವಿನ ದಾರಿಯ ಪಕ್ಕದಲ್ಲಿ ಈ ಗುಮ್ಮಟಗಳಿವೆ.

ಕಮಲಾಪುರದ ಹೆಸರು ಹೊರಗಿನವರಿಗೆ ಗೊತ್ತಿರುವುದು ಅಲ್ಲಿನ ಕೆಂಪು ಬಾಳೆಯಿಂದ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಈ ಹಣ್ಣು ದಪ್ಪ ಸಿಪ್ಪೆಯದು. ಗೊನೆ ಕೈಗೆ ಬರಲು ಉಳಿದ ಬಾಳೆಗಿಂತ ಹೆಚ್ಚು ಕಾಲ ಬೇಕು, ಬೆಲೆಯೂ ಹೆಚ್ಚು. ಎರಡು ಹಣ್ಣು ತಿಂದರೆ ಮುಂದಿನ ಮೂವತ್ತು ಕಿಲೋಮೀಟರಿಗೆ ಬುತ್ತಿಯ ಚಿಂತೆಯಿಲ್ಲ. ಈಗ ತಾಲ್ಲೂಕು ಕೇಂದ್ರವಾಗಿರುವ ಈ ಊರಿನಲ್ಲಿ ಹೆದ್ದಾರಿ ಬಿಟ್ಟು ಪೂರ್ವಕ್ಕೆ ಹಳ್ಳಿಗಳ ದಾರಿ ಹಿಡಿದರೆ ಲಾರಿಯ ಸದ್ದು ಅಡಗುತ್ತದೆ. ಅಲ್ಲಿಂದ ಚಿಂಚೋಳಿಗೆ ಐವತ್ತು ಕಿಲೋಮೀಟರಿಗೂ ತುಸು ಹೆಚ್ಚು.

ಹೊರಡುವ ಕಾಲ ಮುಖ್ಯ. ಲಾವಾ ಕಲ್ಲು ಕೊಳೆತು ಆದ ಎರೆ ಮಣ್ಣು ಮಳೆ ಬಿದ್ದರೆ ಉಬ್ಬಿ ಅಂಟಾಗುತ್ತದೆ, ಬಿಸಿಲಿಗೆ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ. ಮುಂಗಾರಿನಲ್ಲಿ ಹೊಲದ ದಾರಿಗೆ ಸೈಕಲ್ ಇಳಿಸಿದವರು ನೂರು ಹೆಜ್ಜೆ ಹೋಗುವುದರೊಳಗೆ ಚಕ್ರಕ್ಕೂ ಮಡ್ಗಾರ್ಡಿಗೂ ನಡುವೆ ಮಣ್ಣು ತುಂಬಿ, ಸೈಕಲ್ಲನ್ನೇ ಹೆಗಲ ಮೇಲೆ ಹೊರಬೇಕಾಗುತ್ತದೆ. ಬೇಸಿಗೆಯಲ್ಲಿ ಬಿಸಿಲು 42 ಡಿಗ್ರಿ ದಾಟುವುದು ಅಪರೂಪವಲ್ಲ. ಹೀಗಾಗಿ ಉಳಿಯುವುದು ನವೆಂಬರಿನಿಂದ ಫೆಬ್ರುವರಿವರೆಗಿನ ನಾಲ್ಕು ತಿಂಗಳು. ತೊಗರಿ ಒಣಗುವ, ಹಿಂಗಾರಿ ಜೋಳ ತೆನೆಗೆ ಬರುವ ಕಾಲ ಅದು. ಎಳ್ಳಮಾವಾಸ್ಯೆ ಬರುವುದೂ ಆಗಲೇ. ಅಂದು ಹೊಲದಲ್ಲಿ ಚರಗ ಚೆಲ್ಲಿ ಊಟಕ್ಕೆ ಕುಳಿತವರು ದಾರಿಯಲ್ಲಿ ಹೋಗುವ ಸೈಕಲ್ ಸವಾರರನ್ನು ಸಜ್ಜೆ ರೊಟ್ಟಿ, ಭಜ್ಜಿ ಉಣ್ಣಿಸದೆ ಬಿಡುವುದಿಲ್ಲ. ಆ ದಿನ ಲೆಕ್ಕ ಹಾಕಿದಷ್ಟು ದೂರ ಸಾಗುವ ಆಸೆ ಬಿಡುವುದು ಒಳ್ಳೆಯದು.

ಚಿಂಚೋಳಿ ದಾಟಿ ಕುಂಚಾವರಂ ಕಡೆ ತಿರುಗಿದಾಗ ಮಣ್ಣಿನ ಬಣ್ಣ ಬದಲಾಗುತ್ತದೆ. ಕಪ್ಪು ಹೋಗಿ ಕೆಂಪು ಬರುತ್ತದೆ. ಕಾಡು ಉಳಿದ ಕತೆ ಈ ಬಣ್ಣದಲ್ಲಿದೆ. ಲಾವಾ ಪದರದ ಮೇಲ್ಭಾಗ ಲಕ್ಷಾಂತರ ವರ್ಷ ಬಿಸಿಲು ಮಳೆಗೆ ತೊಳೆದು, ಕರಗುವುದೆಲ್ಲ ಕರಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಮಾತ್ರ ಉಳಿದು ಆದ ಕಲ್ಲು ಜಂಬಿಟ್ಟಿಗೆ. ಬೀದರ್ ಕೋಟೆ ಕಟ್ಟಲು ಬಳಸಿದ್ದೂ ಈ ಕಲ್ಲನ್ನೇ. ತೂತು ತೂತಾದ ಈ ಟೊಪ್ಪಿಗೆಯಲ್ಲಿ ಮಳೆನೀರು ಇಳಿಯುತ್ತದೆ, ಕೆಳಗಿನ ಕರಿಕಲ್ಲು ಅದನ್ನು ತಡೆಯುತ್ತದೆ. ಎರಡರ ನಡುವೆ ನೀರು ಒಸರುತ್ತದೆ. ಬೀದರಿನ ನೌಬಾದಿನಲ್ಲಿರುವ ಸುರಂಗ ಬಾವಿ ಈ ಗುಟ್ಟನ್ನು ಬಲ್ಲವರ ಕೆಲಸ.

ಎರೆ ನೆಲ ಇರುವ ಕಡೆಯೆಲ್ಲ ನೇಗಿಲು ಯಾವತ್ತೋ ಕಾಡನ್ನು ನುಂಗಿ ಹಾಕಿತು. ಜಂಬಿಟ್ಟಿಗೆಯ ಗುಡ್ಡದ ಮೇಲೆ, ಮೆಟ್ಟಿಲಿನ ಕಡಿದಾದ ಅಂಚಿನಲ್ಲಿ ಅದಕ್ಕೆ ಕೆಲಸವಿರಲಿಲ್ಲ. ಸುತ್ತ ಹತ್ತಾರು ಮೈಲಿ ತೊಗರಿ, ಜೋಳದ ಬಯಲು, ನಡುವೆ ಒಂದು ಹಸಿರು ತುಂಡು. ಇದನ್ನು ನಡುಗಡ್ಡೆ ಎಂದು ಕರೆಯುವುದು ಬರೀ ಉಪಮೆಯಲ್ಲ. ಬಯಲಿನಲ್ಲಿ ಬದುಕಲಾರದ ಮರ, ಪ್ರಾಣಿಗಳಿಗೆ ಇದು ನಿಜಕ್ಕೂ ನಡುಗಡ್ಡೆಯೇ.

ಇಲ್ಲಿನ 134.88 ಚದರ ಕಿಲೋಮೀಟರ್ ಪ್ರದೇಶವನ್ನು 2011ರಲ್ಲಿ ಚಿಂಚೋಳಿ ವನ್ಯಜೀವಿ ಧಾಮ ಎಂದು ಸಾರಲಾಯಿತು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಧಾಮ ಎಂಬ ಹೆಗ್ಗಳಿಕೆ ಇದಕ್ಕಿದೆ. ಅಂಚಿನಲ್ಲಿ ಜಾಲಿ ಮತ್ತು ಸಾಗುವಾನಿ ನೆಡುತೋಪು, ಒಳಗೆ ಎಲೆ ಉದುರುವ ಕಾಡು, ಅಲ್ಲಲ್ಲಿ ಶ್ರೀಗಂಧ, ರಕ್ತಚಂದನ. ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ, ಕೊಂಡುಕುರಿ ಇಲ್ಲಿನ ನಿವಾಸಿಗಳು. 1973ರಲ್ಲಿ ಕಟ್ಟಿದ ಚಂದ್ರಂಪಳ್ಳಿ ಜಲಾಶಯ ಗುಡ್ಡಗಳ ನಡುವೆ ಹರಡಿಕೊಂಡಿದೆ. ಕಲಬುರಗಿ ಎಂದರೆ ಬಿಸಿಲು, ಫರಸಿ ಕಲ್ಲು ಎಂದುಕೊಂಡವರು ಈ ನೀರಿನ ಎದುರು ಸೈಕಲ್ ನಿಲ್ಲಿಸಿದಾಗ ತಾವು ಬಂದದ್ದು ಬೇರೆ ಜಿಲ್ಲೆಗೇನೋ ಎಂದು ಅನುಮಾನಪಡುವುದುಂಟು.

ಸೈಕಲ್ಲಿನ ವೇಗ ತಾಸಿಗೆ ಹದಿನೈದು ಕಿಲೋಮೀಟರ್ ಆಸುಪಾಸು. ಜೀಪಿನ ಸದ್ದಿಗೆ ಅಡಗುವ ಹಕ್ಕಿ ಈ ವೇಗಕ್ಕೆ ಅಡಗುವುದಿಲ್ಲ. ಆದರೆ ಸದ್ದಿಲ್ಲದೆ ಬರುವುದರಲ್ಲಿ ಅಪಾಯವೂ ಇದೆ. ತಿರುವಿನಲ್ಲಿ ಪ್ರಾಣಿಗೂ ಸವಾರನಿಗೂ ಒಮ್ಮೆಲೇ ಗಾಬರಿಯಾದೀತು. ಮುಸ್ಸಂಜೆಗೆ ಮೊದಲೇ ಕಾಡು ಬಿಟ್ಟು ಹೊರಬರುವುದು ಇಬ್ಬರಿಗೂ ಕ್ಷೇಮ. ಸಾರ್ವಜನಿಕ ರಸ್ತೆಯಲ್ಲಿ ಹಾದುಹೋಗಲು ಅಡ್ಡಿಯಿಲ್ಲವಾದರೂ, ರಸ್ತೆ ಬಿಟ್ಟು ಧಾಮದೊಳಗೆ ಇಳಿಯಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ಅನುಮತಿ ಬೇಕು. ಪಂಕ್ಚರ್ ಸಾಮಾನು ಇಲ್ಲದೆ ಹೋಗುವವರನ್ನು ದೇವರೇ ಕಾಯಬೇಕು. ಜಾಲಿ ಮುಳ್ಳಿಗೆ ವಿದೇಶಿ ಟೈರೂ ಒಂದೇ, ಸ್ವದೇಶಿ ಟೈರೂ ಒಂದೇ.

ಇನ್ನು ಖಾಲಿ ದಾರಿಯ ಮಾತು. ನಗರದ ಸವಾರರಿಗೆ ಅದು ವರ. ಕಾಡಿನ ಒಳಗೂ ಅಂಚಿಗೂ ಇರುವ ಲಂಬಾಣಿ ತಾಂಡಾಗಳಿಗೆ ಅದೇ ಮಾತನ್ನು ಹೇಳುವಂತಿಲ್ಲ. ವಾಹನ ಬಾರದ ದಾರಿ ಎಂದರೆ ಅಲ್ಲಿ ಬಸ್ಸು ಬಾರದ ದಾರಿ. ನಡುರಾತ್ರಿ ಹೆರಿಗೆ ನೋವು ಬಂದಾಗ ಆ ಮೌನ ಯಾರಿಗೂ ಸುಂದರವಾಗಿ ಕಾಣದು. ಮಳೆ ಕೈಕೊಟ್ಟ ವರ್ಷ ಈ ತಾಂಡಾಗಳಿಂದ ಸಂಸಾರ ಸಮೇತ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುವುದು ಹಳೆಯ ರೂಢಿ. ದಾರಿ ನಿರ್ಜನವಾಗಿರುವುದಕ್ಕೆ ಅದೂ ಒಂದು ಕಾರಣ ಎಂಬುದನ್ನು ಪ್ರವಾಸಿಗಳು ತಿಳಿದಿರಬೇಕು.

ಹಾಗೆಂದು ರಸ್ತೆ ಅಗಲ ಮಾಡಿಬಿಟ್ಟರೆ ನಡುಗಡ್ಡೆ ಎರಡು ತುಂಡಾಗುತ್ತದೆ. ಇಷ್ಟು ಚಿಕ್ಕ ಕಾಡಿಗೆ ಆ ಗಾಯ ದೊಡ್ಡದು. ಇಂಥ ಜಗಳ ಕರ್ನಾಟಕಕ್ಕೆ ಹೊಸದಲ್ಲ. ಬಂಡೀಪುರದ ಮೂಲಕ ಕೇರಳಕ್ಕೆ ಹೋಗುವ ಹೆದ್ದಾರಿಯಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧಿಸಲಾಯಿತು. ಮರುವರ್ಷ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಹಗಲು ಜನಕ್ಕೆ, ರಾತ್ರಿ ಕಾಡಿಗೆ ಎಂಬ ಈ ಪಾಲುಪಟ್ಟಿಯನ್ನು ಚಿಂಚೋಳಿಗೆ ಹಾಗೆಯೇ ತರುವುದು ಸರಿಯಲ್ಲ. ಬಂಡೀಪುರದ ದಾರಿ ಬಹುಮಟ್ಟಿಗೆ ಹಾದುಹೋಗುವವರದು. ಇಲ್ಲಿನ ದಾರಿ ಇಲ್ಲೇ ಇರುವವರದು. ಅವರಿಗೆ ಬೇಕಾಗಿರುವುದು ಅಗಲವಾದ ಹೆದ್ದಾರಿಗಿಂತ ಹೊತ್ತಿಗೆ ಸರಿಯಾಗಿ ಬರುವ ಒಂದು ಬಸ್ಸು, ಕರೆದಾಗ ಬರುವ ಆಂಬ್ಯುಲೆನ್ಸು. ಅಷ್ಟಕ್ಕೆ ಈಗಿರುವಷ್ಟೇ ಅಗಲದ, ಗುಂಡಿ ಬೀಳದ ರಸ್ತೆ ಸಾಕು. ಸೈಕಲ್ಲಿಗೂ ಅಷ್ಟೇ ಬೇಕಾದದ್ದು.

ಈ ಊರುಗಳಿಗೆ ಸೈಕಲ್ಲೇನೂ ಮೋಜಿನ ವಸ್ತುವಲ್ಲ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ತಂದಾಗ, ಏಳನೆಯ ತರಗತಿಗೆ ಶಾಲೆ ಮುಗಿಸಬೇಕಿದ್ದ ಎಷ್ಟೋ ಹುಡುಗಿಯರು ಪಕ್ಕದೂರಿನ ಪ್ರೌಢಶಾಲೆಗೆ ಹೋಗುವಂತಾಯಿತು. 2020-21ರಿಂದ ಹಂಚಿಕೆ ನಿಂತಿತು. ಪ್ರವಾಸಕ್ಕೆಂದು ಸೈಕಲ್ ದಾರಿಯ ಯೋಜನೆ ಹಾಕುವವರು ಯಾರಾದರೂ ಮುಂದೆ ಬಂದರೆ, ಬೆಳಿಗ್ಗೆ ಒಂಬತ್ತಕ್ಕೆ ಅದೇ ದಾರಿಯಲ್ಲಿ ಶಾಲೆಗೆ ಹೋಗುವ ಮಕ್ಕಳಿಂದಲೇ ಲೆಕ್ಕ ಶುರು ಮಾಡಬೇಕಾಗುತ್ತದೆ.

ಮರಳುವಾಗ ಬಂದ ದಾರಿಯನ್ನೇ ಹಿಡಿಯದೆ ದಕ್ಷಿಣಕ್ಕೆ ಸೇಡಂ ಕಡೆ ಇಳಿದರೆ ಈ ಕಡಲಿನ ದಂಡೆಯೂ ಸಿಗುತ್ತದೆ. ಅಲ್ಲೆಲ್ಲೂ ಫಲಕ ಹಾಕಿಲ್ಲ. ಹಿತ್ತಿಲ ಗೋಡೆ ನೋಡಿಯೇ ತಿಳಿಯಬೇಕು. ಅಲ್ಲಿಯವರೆಗೆ ಗುಂಡು ಗುಂಡಾದ ಕರಿಕಲ್ಲು ಪೇರಿಸಿದ ಗೋಡೆಗಳು. ಆಮೇಲೆ ಹಲಗೆಯಂತೆ ಏಳುವ ಬೂದು ಬಣ್ಣದ ಫರಸಿ. ಶಹಾಬಾದ್ ಕಲ್ಲು ಎಂದು ಹೆಸರಾದ ಈ ಸುಣ್ಣಕಲ್ಲು ಲಾವಾಕ್ಕಿಂತ ಎಷ್ಟೋ ಪಟ್ಟು ಹಳೆಯದು, ಅದರ ಕೆಳಗೇ ಹುದುಗಿದ್ದದ್ದು. ಲಾವಾದ ಹೊದಿಕೆ ಮುಗಿದ ಕಡೆ ಹೊರಗೆ ಇಣುಕುತ್ತದೆ. ಸೇಡಂ ದಾಟಿ ಮುಂದೆ ಹೋದರೆ ಕಾಗಿಣಾ ನದಿಯ ದಂಡೆಯಲ್ಲಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ. ಅಲ್ಲಿನ ಕೋಟೆಯ ಗೋಡೆಯಲ್ಲಿರುವುದೂ ಇದೇ ಸುಣ್ಣಕಲ್ಲು.