ಪೀಪಾಯಿಯ ಪರಿಮಳ, ಮುಂಬೈ ಸೆಖೆ

ಮದ್ಯ ಕುಡಿಯಲು ಪರ್ಮಿಟ್ ಇರಬೇಕೆಂಬ 1949ರ ಪಾನನಿಷೇಧ ಕಾಯ್ದೆ ಮಹಾರಾಷ್ಟ್ರದಲ್ಲಿ ಇಂದಿಗೂ ಜಾರಿಯಲ್ಲಿದೆ. ಮುಂಬೈನ ಬಾರುಗಳಿಗೆ ‘ಪರ್ಮಿಟ್ ರೂಮ್’ ಎಂಬ ಹೆಸರು ಬಂದದ್ದು ಹಾಗೆ. ಅವುಗಳಲ್ಲಿ ಬಹಳಷ್ಟನ್ನು ನಡೆಸುವವರು ನಮ್ಮ ಕರಾವಳಿಯ ಶೆಟ್ಟರು. ಅಲ್ಲಿ ವಿಸ್ಕಿಯೆಂದರೆ ಸೋಡ, ಐಸು, ಪಕ್ಕದಲ್ಲಿ ಶೇಂಗಾ. ಶೆರ್ರಿ ಪೀಪಾಯಿಯಲ್ಲಿ ಮಾಗಿದ ಗ್ರೇನ್ ವಿಸ್ಕಿಗೆ ಈ ಕ್ರಮ ಒಗ್ಗದು. ಯಾಕೆಂದರೆ ಅದರ ಸ್ವಾರಸ್ಯವೆಲ್ಲ ಇರುವುದು ವಾಸನೆಯಲ್ಲಿ.

ಮಾಲ್ಟ್ ವಿಸ್ಕಿಗೆ ಬೇಕಾದದ್ದು ಮೊಳಕೆ ಬರಿಸಿದ ಬಾರ್ಲಿ ಮಾತ್ರ. ತಾಮ್ರದ ಹಂಡೆಗಳಲ್ಲಿ ಅದನ್ನು ಕಂತು ಕಂತಾಗಿ ಭಟ್ಟಿ ಇಳಿಸುತ್ತಾರೆ. ಗ್ರೇನ್ ವಿಸ್ಕಿಗೆ ಹೆಚ್ಚಾಗಿ ಗೋಧಿ ಅಥವಾ ಮೆಕ್ಕೆಜೋಳ, ಜೊತೆಗೆ ಕೊಂಚ ಮೊಳಕೆ ಬಾರ್ಲಿ. ಐರ್ಲೆಂಡಿನಲ್ಲಿ ಅಬಕಾರಿ ಅಧಿಕಾರಿಯಾಗಿದ್ದ ಈನಿಯಸ್ ಕಾಫಿ 1830ರ ಸುಮಾರಿಗೆ ರೂಪಿಸಿದ ಎತ್ತರದ ಕಂಬದಂಥ ಭಟ್ಟಿಯಲ್ಲಿ ಅದು ಎಡೆಬಿಡದೆ ಇಳಿಯುತ್ತದೆ. ಹೊರಬರುವಾಗ ಮದ್ಯಸಾರದ ಪ್ರಮಾಣ ಶೇ 90 ದಾಟಿರುತ್ತದೆ. ಧಾನ್ಯದ ಗುಣ ತೀರಾ ತೆಳುವಾಗಿರುತ್ತದೆ. ಹಾಗಾಗಿ ಪೀಪಾಯಿಯ ಪ್ರಭಾವವನ್ನು ಬಿಡಿಸಿ ನೋಡಲು ಗ್ರೇನ್ ವಿಸ್ಕಿಯಷ್ಟು ಅನುಕೂಲದ್ದು ಬೇರೆ ಸಿಗುವುದು ಕಷ್ಟ.

ಓಕ್ ಮರದ ಲಿಗ್ನಿನ್ ಒಡೆದಾಗ ವೆನಿಲಿನ್ ಹುಟ್ಟುತ್ತದೆ. ಮರದ ಲ್ಯಾಕ್ಟೋನ್‌ಗಳು ಕೊಬ್ಬರಿಯ ಕಂಪು ಕೊಡುತ್ತವೆ. ಓಕ್‌ನಲ್ಲಿರುವ ಯೂಜಿನಾಲ್ ಲವಂಗಕ್ಕೆ ಕಂಪು ಕೊಡುವ ಅದೇ ಅಣು. ನಾಲಗೆಗೆ ತಾಗುವ ಒಗರು ಟ್ಯಾನಿನ್‌ಗಳದ್ದು. ಸ್ಪೇನಿನ ಹೆರೆಸ್ ಪ್ರಾಂತ್ಯದ ಶೆರ್ರಿ ವೈನ್ ತುಂಬಿಟ್ಟಿದ್ದ ಪೀಪಾಯಿಯಾದರೆ ಹಲಗೆಯೊಳಗೆ ಇಂಗಿದ ವೈನೂ ವಿಸ್ಕಿಗೆ ಇಳಿಯುತ್ತದೆ: ಒಣದ್ರಾಕ್ಷಿ, ಅಂಜೂರ, ಅಕ್ರೋಟಿನ ನೆನಪು ತರುವ ವಾಸನೆಗಳು. ಶೆರ್ರಿಯಲ್ಲಿ ಸಿಗುವ ಸೋಟೋಲಾನ್ ಎಂಬ ಸಂಯುಕ್ತವೇ ನಮ್ಮ ಮೆಂತ್ಯದ ವಾಸನೆಗೂ ಮೂಲ. ಬೇರೆ ಪೀಪಾಯಿಯಲ್ಲಿ ಮಾಗಿದ ವಿಸ್ಕಿಯನ್ನು ಕೊನೆಯ ಕೆಲವು ತಿಂಗಳು ಇಂಥ ಪೀಪಾಯಿಗೆ ವರ್ಗಾಯಿಸುವುದನ್ನೇ ‘ಫಿನಿಶ್’ ಎನ್ನುತ್ತಾರೆ.

ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ 2010ರಲ್ಲಿ ಹೊರತಂದ ‘ಇಂಟರ್ಮೀಡಿಯೆಟ್ ಶೆರ್ರಿ’ ಮಾಲ್ಟ್ ವಿಸ್ಕಿಯಾದರೂ ಪಾಠ ಅದೇ. ಅದರಲ್ಲಿ ಶೆರ್ರಿ ಪೀಪಾಯಿಯ ವಾಸ ನಡುವಿನ ಹಂತ. ಆಮೇಲೆ ವಿಸ್ಕಿ ಮತ್ತೆ ಬರ್ಬನ್ ಎಂಬ ಅಮೆರಿಕನ್ ವಿಸ್ಕಿ ತುಂಬಿಟ್ಟಿದ್ದ ಪೀಪಾಯಿಗೆ ಮರಳುತ್ತದೆ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾದರೆ ಬೆಂಗಳೂರಿನಲ್ಲಿ ಶೇ 10ರಿಂದ 12ರಷ್ಟು ಹೋಗುತ್ತದೆ. ಬಿಸಿಗೆ ಮರದ ಸತ್ವವೂ ಬೇಗ ಬಿಡುತ್ತದೆ. ಆದ್ದರಿಂದ ಇಲ್ಲಿಯ ನಾಲ್ಕೈದು ವರ್ಷದ ವಿಸ್ಕಿಯನ್ನು ಅಲ್ಲಿಯ ವಯಸ್ಸಿನ ಲೆಕ್ಕದಲ್ಲಿ ಅಳೆಯಲಾಗದು.

ಸೆಖೆ ಲೋಟದಲ್ಲೂ ಕೆಲಸ ಮಾಡುತ್ತದೆ. ಉಷ್ಣತೆ 20 ಡಿಗ್ರಿಯಿಂದ 30 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಎಥನಾಲಿನ ಆವಿಯೊತ್ತಡ ಸುಮಾರು ಮುಕ್ಕಾಲು ಪಾಲು ಹೆಚ್ಚುತ್ತದೆ. ಮೇ ತಿಂಗಳ ಮುಂಬೈಯಲ್ಲಿ ಮೂಗಿಗೆ ಮೊದಲು ಹೊಡೆಯುವುದು ಬರೀ ಘಾಟು. ಬಾಯಿಯ ಉರಿಗೆ ಇನ್ನೊಂದು ಕಾರಣವಿದೆ. ಮೆಣಸಿನಕಾಯಿಯ ಖಾರವನ್ನು ಗುರುತಿಸುವ ಟಿಆರ್‌ಪಿವಿ1 ಗ್ರಾಹಿ ಸಾಮಾನ್ಯವಾಗಿ 42 ಡಿಗ್ರಿಯ ಆಸುಪಾಸಿನ ಬಿಸಿಗೆ ಎಚ್ಚರಗೊಳ್ಳುತ್ತದೆ. ಎಥನಾಲ್ ಆ ಮಿತಿಯನ್ನು ಇಳಿಸಿಬಿಡುತ್ತದೆ. ಆಗ ಮೈಯ ಶಾಖವೇ ಸುಟ್ಟಂತೆ ಅನ್ನಿಸುತ್ತದೆ.

ಐಸು ಘಾಟನ್ನು ಅಡಗಿಸುತ್ತದೆ ನಿಜ, ಆದರೆ ತಂಪಿಗೆ ಲವಂಗ, ಮೆಂತ್ಯದ ಕಂಪೂ ಮೇಲೇಳದು. ಕೆಲವು ಹನಿ ನೀರು ಒಳ್ಳೆಯ ಉಪಾಯ. ಸ್ವೀಡನ್ನಿನ ಲಿನ್ನೇಯಸ್ ವಿಶ್ವವಿದ್ಯಾಲಯದ ಕಾರ್ಲ್ಸನ್ ಮತ್ತು ಫ್ರೀಡ್‌ಮನ್ 2017ರಲ್ಲಿ ಕಂಪ್ಯೂಟರ್ ಮಾದರಿಗಳಲ್ಲಿ ಗ್ವಾಯಕಾಲ್ ಎಂಬ ಪರಿಮಳದ ಅಣುವನ್ನು ಪರಿಶೀಲಿಸಿದರು. ಮದ್ಯಸಾರ ಶೇ 45ರವರೆಗೆ ಇದ್ದಾಗ ಅದು ದ್ರವದ ಮೇಲ್ಮೈಯಲ್ಲಿ ನಿಲ್ಲುತ್ತದೆ; ಶೇ 59 ದಾಟಿದರೆ ಎಥನಾಲ್ ಅಣುಗಳ ನಡುವೆ ಸಿಕ್ಕಿ ಒಳಗಿಳಿಯುತ್ತದೆ. ಪೀಪಾಯಿಯಿಂದ ನೇರ ಬಾಟಲಿಗಿಳಿದ ಗಾಢ ವಿಸ್ಕಿಗಂತೂ ನೀರು ಬೇಕೇ ಬೇಕು.

ಕಸುಬಿನ ಬ್ಲೆಂಡರ್‌ಗಳು ಮದ್ಯಸಾರವನ್ನು ಶೇ 20ರ ಸುಮಾರಿಗೆ ಇಳಿಸಿ, ಕುಡಿಯುವುದಕ್ಕಿಂತ ಹೆಚ್ಚಾಗಿ ಮೂಸಿಯೇ ತೀರ್ಮಾನಕ್ಕೆ ಬರುತ್ತಾರೆ. ಬಾಯಿ ಕಿರಿದಾದ ಲೋಟ, ಅರ್ಧ ಪೆಗ್ಗು, ಕೋಣೆಯ ತಾಪದ ನೀರು ಇದ್ದರೆ ಇಡೀ ಪರೀಕ್ಷೆಗೆ ಸಾಕು; ಉಳಿದ ಕೆಲಸ ಮೂಗಿನದು.