ಸೇಂಟ್ ಮೇರಿ ಸ್ಪಿಟಲ್: ಬರಗಾಲದ ಲೆಕ್ಕ ಇಟ್ಟ ಸ್ಮಶಾನ

ಲಂಡನ್ನಿನ ಹಳೆಯ ಕೋಟೆಗೋಡೆಯ ಈಶಾನ್ಯಕ್ಕೆ, ಬಿಷಪ್ಸ್‌ಗೇಟ್ ಹೆಬ್ಬಾಗಿಲಿನ ಆಚೆ, ಮಧ್ಯಯುಗದಲ್ಲಿ ಸೇಂಟ್ ಮೇರಿ ಸ್ಪಿಟಲ್ ಎಂಬ ಮಠ ಮತ್ತು ಆಸ್ಪತ್ರೆ ಇತ್ತು. ವಾಲ್ಟರ್ ಬ್ರೂನಸ್ ಎಂಬ ನಗರವಾಸಿ ಮತ್ತು ಅವನ ಹೆಂಡತಿ ರೋಯಿಸಿಯಾ 1197ರಲ್ಲಿ ಇದನ್ನು ಕಟ್ಟಿಸಿದರು. 1235ರಲ್ಲಿ ಅದು ಇನ್ನೂ ದೊಡ್ಡದಾಗಿ ಪುನರ್‌ಸ್ಥಾಪನೆಯಾಯಿತು. ಮುಂದೆ 180 ಹಾಸಿಗೆಗಳವರೆಗೆ ಬೆಳೆದು ಇಂಗ್ಲೆಂಡಿನ ಅತಿ ದೊಡ್ಡ ಆಸ್ಪತ್ರೆಗಳ ಸಾಲಿಗೆ ಸೇರಿತು. ಅದರ ಪಕ್ಕದ ಸ್ಮಶಾನದಿಂದ 20ನೇ ಶತಮಾನದ ಕೊನೆಯಲ್ಲಿ ಮತ್ತು 21ನೇ ಶತಮಾನದ ಆರಂಭದಲ್ಲಿ ಹತ್ತು ಸಾವಿರದ ಐನೂರಕ್ಕೂ ಹೆಚ್ಚು ಅಸ್ಥಿಪಂಜರಗಳನ್ನು ಹೊರತೆಗೆಯಲಾಗಿದೆ. ಮಧ್ಯಯುಗದ ಒಂದೇ ಸ್ಮಶಾನದಿಂದ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಮನುಷ್ಯರ ಅವಶೇಷಗಳು ಸಿಕ್ಕಿರುವುದು ಜಗತ್ತಿನಲ್ಲೇ ಅಪರೂಪ.

ಆಗಿನ ಆಸ್ಪತ್ರೆಯನ್ನು ಇಂದಿನ ಅರ್ಥದಲ್ಲಿ ನೋಡಬಾರದು. ಅಲ್ಲಿ ಸಿಗುತ್ತಿದ್ದುದು ಮುಖ್ಯವಾಗಿ ಹಾಸಿಗೆ, ಬೆಚ್ಚನೆಯ ಸೂರು, ಊಟ ಮತ್ತು ಪ್ರಾರ್ಥನೆ. ಔಷಧೋಪಚಾರದ ಪಾಲು ಕಡಿಮೆ. ಅಗಸ್ಟೀನಿಯನ್ ಪಂಥದ ಪಾದ್ರಿಗಳು ಪೂಜೆ ಮತ್ತು ಆಡಳಿತ ನೋಡಿಕೊಂಡರೆ, ರೋಗಿಗಳ ಆರೈಕೆ ಸೇವಾನಿರತ ಸ್ತ್ರೀಯರ ಪಾಲಿಗಿತ್ತು. ಕಾಯಿಲೆಯ ಬಡವರು, ದಿಕ್ಕಿಲ್ಲದ ಯಾತ್ರಿಕರು, ಹೆರಿಗೆಗೆ ಜಾಗವಿಲ್ಲದ ಬಸುರಿಯರು ಇಲ್ಲಿಗೆ ಬರುತ್ತಿದ್ದರು. ಹೆರಿಗೆಯಲ್ಲಿ ತಾಯಿ ತೀರಿಕೊಂಡರೆ ಮಗುವನ್ನು ಏಳು ವರ್ಷದವರೆಗೆ ಆಸ್ಪತ್ರೆಯೇ ಸಾಕುತ್ತಿತ್ತು. ಎಂಟು ಶತಮಾನಗಳ ಹಿಂದಿನ ಈ ಏರ್ಪಾಡು ಇಂದಿಗೂ ಗೌರವಕ್ಕೆ ಅರ್ಹವಾದದ್ದು.

ಸ್ಮಶಾನ ಮಾತ್ರ ಆಸ್ಪತ್ರೆಗಿಂತ ಹಳೆಯದು. ಸುಮಾರು 1120ರಿಂದಲೇ ಇಲ್ಲಿ ಹೆಣ ಹೂಳುತ್ತಿದ್ದರೆಂದು ಕಾಲನಿರ್ಣಯ ತೋರಿಸಿದೆ. ಹೆಚ್ಚಿನವರನ್ನು ಪೆಟ್ಟಿಗೆಯಿಲ್ಲದೆ, ಬಟ್ಟೆಯಲ್ಲಿ ಸುತ್ತಿ, ತಲೆ ಪಶ್ಚಿಮಕ್ಕೂ ಕಾಲು ಪೂರ್ವಕ್ಕೂ ಬರುವಂತೆ ಮಲಗಿಸುತ್ತಿದ್ದರು. ಅಂತಿಮ ತೀರ್ಪಿನ ದಿನ ಎದ್ದವರು ಪೂರ್ವಕ್ಕೆ ಮುಖ ಮಾಡಿ ನಿಲ್ಲಬೇಕೆಂಬುದು ಕ್ರೈಸ್ತ ನಂಬಿಕೆ. ಜಾಗ ಸಾಲದೆ ಹೊಸ ಗೋರಿ ತೋಡುವಾಗ ಹಳೆಯ ಮೂಳೆ ಮೇಲೆ ಬರುತ್ತಿತ್ತು. ಅವನ್ನು ಎಸೆಯುವಂತಿರಲಿಲ್ಲ. ಹಾಗಾಗಿ ಸುಮಾರು 1320ರಲ್ಲಿ ಅರ್ಧ ನೆಲದೊಳಗೆ ಇಳಿದಂತೆ ಕಲ್ಲಿನ ಕಮಾನುಗಳ ಅಸ್ಥಿಗೃಹವೊಂದನ್ನು ಕಟ್ಟಿದರು. ಕೆಳಗೆ ಮೂಳೆಗಳ ರಾಶಿ, ಮೇಲೆ ಸತ್ತವರಿಗಾಗಿ ಪ್ರಾರ್ಥನೆ ನಡೆಯುವ ಗುಡಿ. ಸ್ಮಶಾನದ ಆವರಣದಲ್ಲೇ ಬಯಲು ಪ್ರವಚನಪೀಠವೂ ಇತ್ತು. ಈಸ್ಟರ್ ವಾರದಲ್ಲಿ ನಡೆಯುತ್ತಿದ್ದ ಪ್ರವಚನ ಕೇಳಲು ನಗರದ ಮೇಯರ್ ಸಹ ಬರುತ್ತಿದ್ದರು.

ಎಂಟನೇ ಹೆನ್ರಿ ದೇಶದ ಮಠಗಳನ್ನೆಲ್ಲ ಮುಚ್ಚಿಸಿದಾಗ, 1539ರಲ್ಲಿ, ಸೇಂಟ್ ಮೇರಿ ಸ್ಪಿಟಲ್ ಕೂಡ ಮುಚ್ಚಿತು. ಜಾಗದ ಒಂದು ಭಾಗ ಫಿರಂಗಿ ಅಭ್ಯಾಸದ ಮೈದಾನವಾಯಿತು. ಅಸ್ಥಿಗೃಹ ಕೆಲಕಾಲ ವಾಸದ ಮನೆಯಾಗಿತ್ತು. ಸುತ್ತ ರೇಷ್ಮೆ ನೇಕಾರರ ಕೇರಿ ಬೆಳೆಯಿತು, ಸ್ಪಿಟಲ್‌ಫೀಲ್ಡ್ಸ್ ಮಾರುಕಟ್ಟೆ ಬಂತು. 1991ರಲ್ಲಿ ಸಗಟು ಮಾರುಕಟ್ಟೆ ಬೇರೆಡೆಗೆ ಹೋಗಿ ಕಚೇರಿ ಕಟ್ಟಡಗಳ ಯೋಜನೆ ಸಿದ್ಧವಾದಾಗ ಲಂಡನ್ ಮ್ಯೂಸಿಯಮ್ಮಿನ ಪುರಾತತ್ವಜ್ಞರು ಅಗೆತಕ್ಕೆ ಇಳಿದರು.

ಅವರನ್ನು ಬೆಚ್ಚಿಬೀಳಿಸಿದ್ದು ಸಾಮೂಹಿಕ ಗೋರಿಗಳು. ಅಂಥ ಗುಂಡಿಗಳು ನೂರಕ್ಕೂ ಹೆಚ್ಚಿದ್ದವು. ಕೆಲವುಗಳಲ್ಲಿ ಹತ್ತಿಪ್ಪತ್ತು ಹೆಣ, ದೊಡ್ಡವುಗಳಲ್ಲಿ ನಲವತ್ತರ ಆಸುಪಾಸು. ಅವಸರದ ಹೊತ್ತಿನಲ್ಲೂ ಯಾರನ್ನೂ ಹೇಗೆಂದರೆ ಹಾಗೆ ಎಸೆದಿರಲಿಲ್ಲ. ಪದರದ ಮೇಲೆ ಪದರವಾಗಿ, ತಲೆ ಪಶ್ಚಿಮಕ್ಕೇ ಬರುವಂತೆ, ಸಾಲಾಗಿ ಮಲಗಿಸಿದ್ದರು. ಹೂಳಿದವರು ಸತ್ತವರಿಗೆ ತೋರಿದ ಮರ್ಯಾದೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

1348–49ರ ಮಹಾಪ್ಲೇಗಿನಲ್ಲಿ ಸತ್ತವರು ಇವರು ಎಂದೇ ಮೊದಲಿಗೆ ತೋಚಿದ್ದು ಸಹಜ. ಪ್ಲೇಗಾಗಲಿ ಹಸಿವಿನ ಸಾವಾಗಲಿ ಮೂಳೆಯ ಮೇಲೆ ತನ್ನದೆಂಬ ಗುರುತು ಬಿಡುವುದಿಲ್ಲ. ಹಾಗಾಗಿ ಕಾಲವೇ ಮುಖ್ಯ ಸುಳಿವು. ಮೂಳೆಗಳ ರೇಡಿಯೋ ಕಾರ್ಬನ್ ಪರೀಕ್ಷೆ ನಡೆದಾಗ ಗುಂಡಿಗಳು ಪ್ಲೇಗಿಗಿಂತ ಸುಮಾರು ನೂರು ವರ್ಷ ಹಿಂದಿನವು, 13ನೇ ಶತಮಾನದ ನಡುಭಾಗದವು ಎಂದು ಗೊತ್ತಾಯಿತು. ಅದು ಕ್ಷಾಮದ ಕಾಲ. ಸೇಂಟ್ ಆಲ್ಬನ್ಸ್ ಮಠದ ಚರಿತ್ರಕಾರ ಮ್ಯಾಥ್ಯೂ ಪ್ಯಾರಿಸ್ 1258ರ ಬರವನ್ನು ಬರೆದಿಟ್ಟಿದ್ದಾನೆ. ಹಸಿವಿನಿಂದ ಸತ್ತವರ ದೇಹಗಳು ತಿಪ್ಪೆಗಳಲ್ಲಿ, ಕೆಸರಿನ ಬೀದಿಗಳಲ್ಲಿ ಬಿದ್ದಿದ್ದವು. ಲಂಡನ್ ಒಂದರಲ್ಲೇ 15,000 ಬಡವರು ಸತ್ತರು ಎನ್ನುತ್ತಾನೆ. ಆ ಸಂಖ್ಯೆಯನ್ನು ಯಥಾವತ್ತಾಗಿ ನಂಬುವುದು ಕಷ್ಟ. ಆದರೆ ವಿಪತ್ತಿನ ಗಾತ್ರದ ಬಗ್ಗೆ ಅವನು ಸುಳ್ಳಾಡಿಲ್ಲವೆಂಬುದಕ್ಕೆ ಈ ಗುಂಡಿಗಳೇ ಆಧಾರ.

ಇದೇ ಕಾಲಕ್ಕೆ ಸೇರಿದ ಇನ್ನೊಂದು ಕುರುಹು ಗ್ರೀನ್‌ಲೆಂಡ್ ಮತ್ತು ಅಂಟಾರ್ಕ್ಟಿಕಾದ ಮಂಜುಗಡ್ಡೆಯ ಪದರಗಳಲ್ಲಿತ್ತು. 1258ರ ಸುಮಾರಿಗೆ ವಾತಾವರಣದಲ್ಲಿ ಗಂಧಕದ ಅಂಶ ವಿಪರೀತ ಏರಿತ್ತು. ಯಾವುದೋ ಭಾರಿ ಜ್ವಾಲಾಮುಖಿಯ ಕೆಲಸವಿದು ಎಂದು ತಿಳಿದಿದ್ದರೂ ಅದು ಎಲ್ಲಿಯದೆಂಬುದು ಪತ್ತೆಯಾದದ್ದು 2013ರಲ್ಲಿ: ಇಂಡೋನೇಷ್ಯಾದ ಲೊಂಬೊಕ್ ದ್ವೀಪದ ಸಮಲಾಸ್ ಪರ್ವತ, 1257ರಲ್ಲಿ ಸಿಡಿದದ್ದು. ಆ ದ್ವೀಪದ ತಾಳೆಗರಿ ಗ್ರಂಥಗಳಲ್ಲೂ ಅದರ ನೆನಪು ಉಳಿದಿತ್ತು. ಗಂಧಕದ ತೆರೆ ಬಿಸಿಲನ್ನು ತಡೆದು ಬೆಳೆ ಕೆಡಿಸಿತು ಎಂಬ ವಿವರಣೆ ಪತ್ರಿಕೆಗಳಲ್ಲಿ ಬಹಳ ಪ್ರಚಾರ ಪಡೆಯಿತು. ಅದನ್ನು ಪೂರ್ತಿ ಒಪ್ಪಲಾಗದು. ಇಂಗ್ಲೆಂಡಿನಲ್ಲಿ ಫಸಲು ಕೆಡಲು ಶುರುವಾಗಿದ್ದು ಸ್ಫೋಟದ ಪರಿಣಾಮ ತಟ್ಟುವ ಮುಂಚೆಯೇ. ಗುಂಡಿಗಳಲ್ಲೂ ಒಂದು ಗುಂಪು 1257ಕ್ಕಿಂತ ಹಿಂದಿನದು. ಮೊದಲೇ ಸೊರಗಿದ್ದ ನಾಡಿನ ಮೇಲೆ ಜ್ವಾಲಾಮುಖಿ ಇನ್ನೊಂದು ಹೊರೆ ಹೇರಿರಬಹುದು. ಬರಕ್ಕೆ ಅದೊಂದೇ ಕಾರಣವಲ್ಲ.

ಐದು ಸಾವಿರದ ಮುನ್ನೂರಕ್ಕೂ ಹೆಚ್ಚು ಅಸ್ಥಿಪಂಜರಗಳ ವಿವರವಾದ ಅಧ್ಯಯನ 2012ರಲ್ಲಿ ಪುಸ್ತಕವಾಗಿ ಬಂತು. ಹಲ್ಲುಗಳು ಹೇಳುವುದು ಇಲ್ಲಿ ಬಹಳ. ಬಾಲ್ಯದಲ್ಲಿ ಉಪವಾಸ ಬಿದ್ದರೆ ಅಥವಾ ಕಾಯಿಲೆ ಕಾಡಿದರೆ ಹಲ್ಲಿನ ಎನಾಮಲ್ ಬೆಳೆಯುವುದು ಕೆಲಕಾಲ ನಿಂತು ಅಡ್ಡಗೆರೆ ಮೂಡುತ್ತದೆ. ಆ ಗೆರೆ ಜೀವನಪೂರ್ತಿ ಅಳಿಯುವುದಿಲ್ಲ. ಇಂಥ ಗೆರೆ ಹೊತ್ತ ಹಲ್ಲುಗಳು ಈ ಸ್ಮಶಾನದಲ್ಲಿ ಸಿಕ್ಕಿವೆ. ಹೆಸರಾಗಲಿ ದಾಖಲೆಯಾಗಲಿ ಇಲ್ಲದೆ ಸತ್ತವರ ಬಾಲ್ಯ ಹೇಗಿತ್ತೆಂದು ತಿಳಿಯಲು ಇದಕ್ಕಿಂತ ನಿಚ್ಚಳವಾದ ಬರಹ ಸಿಗುವುದು ಕಷ್ಟ.

ಅಸ್ಥಿಗೃಹದ ಗೋಡೆಗಳನ್ನು ಕೆಡವದೆ ಹೊಸ ಕಟ್ಟಡಗಳ ನಡುವೆಯೇ ಉಳಿಸಿಕೊಳ್ಳಲಾಗಿದೆ. ಲಿವರ್‌ಪೂಲ್ ಸ್ಟ್ರೀಟ್ ರೈಲು ನಿಲ್ದಾಣದಿಂದ ಕೆಲವೇ ನಿಮಿಷಗಳ ನಡಿಗೆ. ಬಿಷಪ್ಸ್ ಸ್ಕ್ವೇರ್‌ನಲ್ಲಿ ನೆಲಕ್ಕೆ ಹಾಸಿದ ಗಾಜಿನ ಮೂಲಕ ಅದನ್ನು ಯಾರು ಬೇಕಾದರೂ ನೋಡಬಹುದು. ಲಂಡನ್‌ಗೆ ಹೋಗುವ ಕನ್ನಡಿಗರು ಗೋಪುರ, ಅರಮನೆಗಳ ಜೊತೆಗೆ ಇದಕ್ಕೂ ಒಂದರ್ಧ ಗಂಟೆ ಎತ್ತಿಡಬೇಕು.